ಹಳೇ ಬಿಲ್ಡಿಂಗಿಗೆ ಗಾಜಿನ ಮುಖ: ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗಾಜಿನ ಬಗ್ಗೆಯೇ ಇವೆ. ಬರೆದವರೆಲ್ಲ ಮುಂಬೈ, ಪುಣೆ, ಗೋವಾದಲ್ಲಿ ಹೋಟೆಲು, ಅಂಗಡಿ, ಆಫೀಸು ಇಟ್ಟುಕೊಂಡಿರುವ ನಮ್ಮವರು. ಕಟ್ಟಡ 70ರದ್ದೋ 80ರದ್ದೋ ಇರುತ್ತದೆ. ಪಕ್ಕದಲ್ಲಿ ಹೊಸದೊಂದು ಥಳಥಳ ಅಂತ ಎದ್ದು ನಿಂತಿದೆ, ಬಾಡಿಗೆದಾರರು ಅಲ್ಲಿಗೆ ಹೋಗುತ್ತಿದ್ದಾರೆ, ನಮ್ಮದಕ್ಕೂ ಗಾಜು ಹಾಕಿಸೋಣವಾ ಅಂತ ಕೇಳುತ್ತಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ನಮ್ಮದು ಅಂಧೇರಿ ಪೂರ್ವದಲ್ಲಿ ಗ್ರೌಂಡ್ ಪ್ಲಸ್ ನಾಲ್ಕು ಮಹಡಿಯ ಕಮರ್ಷಿಯಲ್ ಬಿಲ್ಡಿಂಗ್. 1984ರಲ್ಲಿ ಕಟ್ಟಿದ್ದು. ಪಶ್ಚಿಮದ ಗೋಡೆ ಪ್ರತಿ ಮಳೆಗಾಲದಲ್ಲೂ ಸೋರುತ್ತದೆ. ಒಬ್ಬ ಕಂಟ್ರಾಕ್ಟರ್ ಬಂದು, "ಏನೂ ಒಡೆಯುವುದಿಲ್ಲ, ಛಜ್ಜಾ ಕೂಡ ಮುಟ್ಟುವುದಿಲ್ಲ, ಹೊರಗಡೆಯಿಂದ ಫ್ರೇಮ್ ನಿಲ್ಲಿಸಿ ಪೂರ್ತಿ ಗಾಜು ಹಾಕುತ್ತೇನೆ, ಸೋರಿಕೆಯೂ ನಿಲ್ಲುತ್ತದೆ, ಆಫೀಸುಗಳು ಒಂದು ದಿನವೂ ಮುಚ್ಚಬೇಕಾಗಿಲ್ಲ" ಅನ್ನುತ್ತಿದ್ದಾನೆ. ಸೊಸೈಟಿಯ ಮೀಟಿಂಗಿನಲ್ಲಿ ಬಹಳ ಜನಕ್ಕೆ ಇದು ಇಷ್ಟವಾಗಿದೆ. ಕಾರ್ಯದರ್ಶಿಯಾಗಿ ನನಗೆ ಮಾತ್ರ ಯಾಕೋ ಹಿಂಜರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. "ಏನೂ ಒಡೆಯುವುದಿಲ್ಲ" ಅನ್ನುವ ಮಾತೇ ಇಲ್ಲಿ ದೊಡ್ಡ ತೊಂದರೆ.

ಮೊದಲು ಛಜ್ಜಾ ನೋಡಿ. ಆ ಕಾಲದ ಕಟ್ಟಡಗಳಲ್ಲಿ ಕಿಟಕಿ ಮೇಲೆ ಎರಡು ಅಡಿ ಚಾಚಿದ ಛಜ್ಜಾ ಇರುತ್ತದೆ. ಅದನ್ನು ಹಾಗೇ ಬಿಟ್ಟು ಗಾಜು ಹಾಕಬೇಕು ಅಂದರೆ ಗಾಜು ಛಜ್ಜಾದ ಆಚೆ ಬರಬೇಕು. ಅಂದರೆ ಹಳೇ ಗೋಡೆಗೂ ಹೊಸ ಗಾಜಿಗೂ ನಡುವೆ ಎರಡು ಅಡಿ ಖಾಲಿ ಜಾಗ, ನೆಲದಿಂದ ಟೆರೇಸಿನವರೆಗೆ. ಅದು ಹೊಗೆ ಮೇಲಕ್ಕೆ ಏರಲು ನಾವೇ ಕಟ್ಟಿಕೊಟ್ಟ ಚಿಮಣಿ. ಎಸಿಯ ಔಟ್‌ಡೋರ್ ಯೂನಿಟ್‌ಗಳೂ ಅಲ್ಲೇ ಒಳಗೆ ಸಿಕ್ಕಿಬೀಳುತ್ತವೆ. ತಮ್ಮದೇ ಬಿಸಿಗಾಳಿಯನ್ನು ತಾವೇ ಮತ್ತೆ ಎಳೆದುಕೊಂಡು, ಏಪ್ರಿಲ್ ಮೇ ಬಂದಾಗ ಒಂದೊಂದಾಗಿ ಟ್ರಿಪ್ ಆಗುತ್ತವೆ. ಪಾರಿವಾಳಗಳ ಮಾತು ಬೇಡವೇ ಬೇಡ, ಮುಂಬೈಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇದರ ಮೇಲೆ ಕಟ್ಟಡ ಎರಡು ಅಡಿ ಮುಂದೆ ಬಂದಂತೆಯೂ ಆಗುತ್ತದೆ. ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ ಅಷ್ಟು ಕಡಿಮೆಯಾದರೆ ನಾಳೆ ವಾರ್ಡ್ ಆಫೀಸಿನಿಂದ ನೋಟಿಸ್ ಬರುವುದು ಕಂಟ್ರಾಕ್ಟರ್ ಹೆಸರಿಗಲ್ಲ, ಸೊಸೈಟಿ ಹೆಸರಿಗೆ.

ಇನ್ನು ಭಾರ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಆದರೆ ಲೆಕ್ಕ ಅವರು ಅಂದುಕೊಂಡ ಹಾಗಿಲ್ಲ. ಗಾಜು 1 ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ ತೂಗುತ್ತದೆ. 6 ಮಿಲಿಮೀಟರಿನ ಎರಡು ಗಾಜು ಸೇರಿದ ಡಬಲ್ ಗ್ಲಾಸ್ ಅಂದರೆ 30 ಕಿಲೋ, ಅಲ್ಯೂಮಿನಿಯಂ ಬೇರೆ. 9 ಇಂಚಿನ ಇಟ್ಟಿಗೆ ಗೋಡೆ ಅಷ್ಟೇ ಜಾಗಕ್ಕೆ 400 ಕಿಲೋ ದಾಟುತ್ತದೆ. ಗೋಡೆ ತೆಗೆದು ಗಾಜು ಹಾಕಿದರೆ ಕಟ್ಟಡ ಹಗುರವೇ ಆಗುತ್ತದೆ ಅಲ್ವಾ! ಆದರೆ ನಿಮ್ಮಲ್ಲಿ ಗೋಡೆ ತೆಗೆಯುತ್ತಿಲ್ಲ. ಅದರ ಮೇಲೆ ಇದು. ಅದೂ ಎರಡು ಅಡಿ ಆಚೆ, ಬ್ರಾಕೆಟ್ಟಿನ ತುದಿಯಲ್ಲಿ ನೇತಾಡುವ ಭಾರ. ಆ ಬ್ರಾಕೆಟ್ ಬೋಲ್ಟು ಕೂರುವುದು ಸ್ಲ್ಯಾಬಿನ ಅಂಚಿನಲ್ಲಿ, ಇಲ್ಲವೇ ಬೀಮಿನಲ್ಲಿ. 40 ವರ್ಷ ಮಳೆ ಕುಡಿದು, ಉಪ್ಪುಗಾಳಿ ತಿಂದು, ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿರುವ ಜಾಗ ಅದೇ.

ಗಾಳಿಯದು ಇನ್ನೂ ಜಾಸ್ತಿ. ಕಟ್ಟಡದ ಮೇಲೆ ಬೀಳುವ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದ ಪ್ರಕಾರ ಮುಂಬೈಗೆ ಲೆಕ್ಕ ಹಿಡಿಯುವ ಮೂಲ ಗಾಳಿ ವೇಗ ಸೆಕೆಂಡಿಗೆ 44 ಮೀಟರ್. ಗಂಟೆಗೆ ಸುಮಾರು 158 ಕಿಲೋಮೀಟರ್. ಬೆಂಗಳೂರಿಗೆ ಇದು 33, ಪುಣೆ ಮತ್ತು ಪಣಜಿಗೆ 39. 44ರ ಲೆಕ್ಕದಲ್ಲಿ ಚದರ ಮೀಟರಿಗೆ ಹತ್ತಿರ ಹತ್ತಿರ 118 ಕಿಲೋ ಒತ್ತಡ ಬರುತ್ತದೆ. ಎತ್ತರ, ಸುತ್ತಲ ಪ್ರದೇಶ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ, ಅದಿರಲಿ. ಮೂರು ಚದರ ಮೀಟರಿನ ಒಂದು ಗಾಜಿನ ಮೇಲೆ 350 ಕಿಲೋ ಆಯಿತು. ಗಾಳಿ ಬರೀ ತಳ್ಳುವುದಿಲ್ಲ, ಹೊರಕ್ಕೆ ಎಳೆಯುತ್ತದೆ ಕೂಡ. ಕಟ್ಟಡದ ಮೂಲೆಗಳಲ್ಲಿ ಈ ಎಳೆತ ಎಲ್ಲಕ್ಕಿಂತ ಜೋರು. ಆ ಎಳೆತವನ್ನು ತಡೆಯಬೇಕಾದ್ದು ಆ ಹಳೇ ಕಾಂಕ್ರೀಟಿಗೆ ಹೊಡೆದ ಬೋಲ್ಟು.

ಹಾಗಾಗಿ ಕ್ರಮ ಹೀಗಿರಲಿ. ನಿಮ್ಮ ಕಟ್ಟಡಕ್ಕೆ 30 ವರ್ಷ ಯಾವತ್ತೋ ದಾಟಿದೆ. ಮುಂಬೈ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮಿನಂತೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಮಾಡಿಸಲೇಬೇಕು. ಮಾಡಿಸಿದ್ದರೆ ಆ ರಿಪೋರ್ಟ್ ತೆಗೆದು ಯಾವ ವರ್ಗ ಅಂತ ನೋಡಿ. ಸಿ1 ಅಂದರೆ ಖಾಲಿ ಮಾಡಿ ಕೆಡವಬೇಕಾದ್ದು. ಸಿ2ಎ ಮತ್ತು ಸಿ2ಬಿ ಅಂದರೆ ರಿಪೇರಿ ಬೇಕಾದ್ದು, ಎ ಆದರೆ ದೊಡ್ಡ ರಿಪೇರಿ. ಸಿ3 ಅಂದರೆ ಸಣ್ಣಪುಟ್ಟದ್ದು. ಬರೀ ಕಣ್ಣಲ್ಲಿ ನೋಡಿ ಸಹಿ ಹಾಕಿದ ಆಡಿಟ್ ಇದ್ದರೆ ಅದು ಗಾಜಿನ ಕೆಲಸಕ್ಕೆ ಸಾಲದು. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪಲ್ಸ್, ಹಾಫ್‌ಸೆಲ್, ಕೋರ್ ಟೆಸ್ಟ್ ಬೇಕು, ಕಾಂಕ್ರೀಟಿನ ಗಟ್ಟಿತನ, ಕಬ್ಬಿಣದ ತುಕ್ಕು ಗೊತ್ತಾಗುವುದು ಇವುಗಳಿಂದಲೇ. ಕಾರ್ಬೊನೇಶನ್ ಟೆಸ್ಟ್ ಅಂತೂ ನೀವೇ ನಿಂತು ನೋಡಬಹುದು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್‌ಫ್ತಲೀನ್ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಅಲ್ಲಿ ಕಾಂಕ್ರೀಟ್ ಇನ್ನೂ ಕಬ್ಬಿಣವನ್ನು ಕಾಪಾಡುತ್ತಿದೆ. ಬಣ್ಣವೇ ಬರಲಿಲ್ಲ ಅಂದರೆ ಅಷ್ಟು ಆಳ ಕಾಂಕ್ರೀಟಿನ ಕ್ಷಾರ ಹೋಗಿದೆ ಅಂತ. ಅದು ಸರಳಿನವರೆಗೆ ಮುಟ್ಟಿದ್ದರೆ ಮೊದಲು ಸ್ಲ್ಯಾಬ್ ಅಂಚು, ಬೀಮು, ಕಾಲಂ ರಿಪೇರಿ. ಆಮೇಲೆ ಬೋಲ್ಟು ಹಾಕುವ ಜಾಗದಲ್ಲೇ ಪುಲ್ಔಟ್ ಟೆಸ್ಟ್, ಅಂದರೆ ಬೋಲ್ಟನ್ನು ಎಳೆದು ಎಷ್ಟು ತಡೆಯುತ್ತದೆ ಅಂತ ನೋಡುವುದು. ಗಾಜಿನ ಮಾತು ಅದರ ನಂತರ.

ಸೋರಿಕೆ? ಮೇಲೆ ಗಾಜು ಹಾಕಿದರೆ ಮಳೆ ನೇರ ಹೊಡೆಯುವುದು ತಪ್ಪುತ್ತದೆ ನಿಜ. ಆದರೆ ಹಳೇ ಕಟ್ಟಡದ ಸೋರಿಕೆ ಎಷ್ಟೋ ಸಲ ಟೆರೇಸಿನಿಂದ, ಪ್ಯಾರಪೆಟ್ ಗೋಡೆಯಿಂದ, ಟಾಯ್ಲೆಟ್ ಪೈಪಿನಿಂದ ಬರುತ್ತಿರುತ್ತದೆ. ಪಶ್ಚಿಮದ ಗೋಡೆಯಲ್ಲಿ ಕಂಡಿತು ಅಂತ ಅಲ್ಲಿಂದಲೇ ಬಂತು ಅನ್ನಲಾಗದು. ಅದನ್ನು ಸರಿ ಮಾಡದೆ ಮುಚ್ಚಿದರೆ ನೀರು ಬರುವುದು ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ಗಾಜಿನ ಹಿಂದೆ ಒದ್ದೆ ಆರುವುದೂ ಇಲ್ಲ.

ಪ್ರಶ್ನೆ: ಘಾಟ್‌ಕೋಪರಿನಲ್ಲಿ ನಮ್ಮ ಹೋಟೆಲ್ ಇದೆ. ಕಟ್ಟಡದ ಮೊದಲ ಮಹಡಿ. ಮಾಲೀಕರು ಮುಂದಿನ ಭಾಗಕ್ಕೆಲ್ಲ ಗಾಜು ಹಾಕಿಸುತ್ತಿದ್ದಾರೆ. ನಮ್ಮ ಅಡಿಗೆಮನೆಯ ಎಕ್ಸಾಸ್ಟ್ ಡಕ್ಟ್ ಹೊರಗಿನ ಗೋಡೆಗುಂಟ ಟೆರೇಸಿಗೆ ಹೋಗುತ್ತದೆ. "ಚಿಂತೆ ಬೇಡ, ಗಾಜಿನ ಒಳಗೆ ಅಡಗಿಹೋಗುತ್ತದೆ, ನೋಡಲಿಕ್ಕೂ ಚೆನ್ನ" ಅನ್ನುತ್ತಾರೆ. ಕಿಟಕಿಗಳೂ ಮುಚ್ಚಿಹೋಗುತ್ತವಂತೆ. ಒಪ್ಪಬಹುದಾ?

ಉತ್ತರ: ಬೇಡ. ಬೇಡವೇ ಬೇಡ.

ದೋಸೆ ಕಾವಲಿ, ಬೋಂಡಾ ಬಾಣಲೆಯ ಹೊಗೆ ಹೋಗುವ ಡಕ್ಟಿನೊಳಗೆ ಎಣ್ಣೆ ಜಿಡ್ಡು ಕಟ್ಟಿರುತ್ತದೆ. ಎಷ್ಟು ಶುಚಿ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಒಂದು ಕಿಡಿ ಸಾಕು. ಡಕ್ಟು ಬಯಲಲ್ಲಿದ್ದರೆ ಅದರ ಬೆಂಕಿ ಹೊರಗೇ ಉರಿದು ಕಾಣುತ್ತದೆ, ಫೈರ್ ಬ್ರಿಗೇಡಿನವರು ನಂದಿಸಬಹುದು. ಗಾಜು ಮತ್ತು ಗೋಡೆಯ ನಡುವಿನ ಸಂದಿಯಲ್ಲಿದ್ದರೆ ಬೆಂಕಿ ಪ್ರತಿ ಮಹಡಿಯ ಹಳೇ ಕಿಟಕಿಯ ಮುಂದೆ ಹಾದುಹೋಗುತ್ತದೆ. ಯಾರಿಗೂ ಹೊರಗಿನಿಂದ ಅದು ಎಲ್ಲಿದೆ ಅಂತ ಗೊತ್ತಾಗುವುದೂ ಇಲ್ಲ.

ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23. ಏಳು ಮಹಡಿಯ ಕಟ್ಟಡ, 9 ಜನ ಸತ್ತರು. ಅಲ್ಲಿ ಜನರನ್ನು ಹಿಡಿದದ್ದು ಬೆಂಕಿಗಿಂತ ಹೊಗೆ. ಹೊಗೆ ಹೊರಹೋಗಲು ದಾರಿ ಇಲ್ಲದೆ ಜನ ಗಾಜು ಒಡೆದರು, ಕೆಲವರು ಮೇಲಿನಿಂದ ಹಾರಿದರು. ಇಲ್ಲಿ ಅಂಧೇರಿ ಪಶ್ಚಿಮದ ಲೋಟಸ್ ಬಿಸಿನೆಸ್ ಪಾರ್ಕ್‌ನಲ್ಲಿ 2014ರ ಜುಲೈಯಲ್ಲಿ ಬೆಂಕಿ ಬಿದ್ದಾಗ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡರು. ಅದೂ ಗಾಜು ಹೊದ್ದ ಎತ್ತರದ ಕಟ್ಟಡ. ಗಾಜು ಮುಚ್ಚಿದ ಕಟ್ಟಡದಲ್ಲಿ ಫೈರ್ ಬ್ರಿಗೇಡಿನವರಿಗೆ ಹೊರಗಿನಿಂದ ಒಳಗೆ ಬರಲು ದಾರಿ ಸಿಗುವುದೇ ಕಷ್ಟ. ಮೇಲಿನಿಂದ ಉದುರುವ ಗಾಜು ಬೇರೆ.

ಇದಕ್ಕೆಲ್ಲ ನಿಯಮ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಓದಿಸಿ. ಪ್ರತಿ ಮಹಡಿಯ ಸ್ಲ್ಯಾಬಿಗೂ ಗಾಜಿಗೂ ನಡುವಿನ ಸಂದಿಯನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ಸ್ಲ್ಯಾಬು ಎಷ್ಟು ಹೊತ್ತು ಬೆಂಕಿ ತಡೆಯುತ್ತದೋ ಅದೂ ಅಷ್ಟೇ ಹೊತ್ತು ತಡೆಯಬೇಕು. ಥರ್ಮೋಕೋಲ್, ಫೋಮ್ ಸ್ಪ್ರೇ, ಪುಟ್ಟಿ ಇವೆಲ್ಲ ನಡೆಯುವುದಿಲ್ಲ. ಪ್ರತಿ ಮಹಡಿಯಲ್ಲೂ ಹೊರಗೋಡೆಗುಂಟ 10 ಮೀಟರಿಗೆ ಮೀರದ ಅಂತರದಲ್ಲಿ, 1 ಮೀಟರ್ ಅಗಲ 1 ಮೀಟರ್ ಎತ್ತರಕ್ಕೆ ಕಡಿಮೆಯಿಲ್ಲದ, ಹೊರಕ್ಕೆ ತೆರೆಯುವ ಪ್ಯಾನೆಲ್ ಇರಬೇಕು. ಬೆಂಕಿ ಬಿದ್ದಾಗ ತೆರೆಯಿರಿ ಅಂತ ಒಳಬದಿಯಲ್ಲಿ ಬರೆದಿರಬೇಕು. ಮತ್ತೆ ಅದರ ಮುಂದೆ ಬೀರು, ಫ್ರಿಜ್ಜು, ಅಕ್ಕಿ ಮೂಟೆ ಇಡಬಾರದು. ಇದನ್ನು ಹೋಟೆಲಿನವರಿಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೋಟೆಲಿನವರಾದ್ದರಿಂದ ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯ ಫಾರ್ಮ್ ಬಿ, ಅಂದರೆ ಬೆಂಕಿ ತಡೆಯ ಸಲಕರಣೆ ಸುಸ್ಥಿತಿಯಲ್ಲಿದೆ ಅನ್ನುವ ಸರ್ಟಿಫಿಕೇಟ್, ಗೊತ್ತೇ ಇರುತ್ತದೆ. ಜನವರಿಯಲ್ಲಿ ಒಂದು, ಜುಲೈಯಲ್ಲಿ ಒಂದು. ಗಾಜು ಹಾಕುವ ನಕ್ಷೆಯನ್ನು ನಿಮ್ಮ ಲೈಸೆನ್ಸ್ ಇರುವ ಫೈರ್ ಏಜೆನ್ಸಿಗೆ ಮೊದಲೇ ತೋರಿಸಿ, ಅವರ ಅಭಿಪ್ರಾಯ ಬರಹದಲ್ಲಿ ತೆಗೆದುಕೊಂಡು ಮಾಲೀಕರಿಗೆ ಕೊಡಿ. ಬಾಯಿಮಾತಿನ ಜಗಳಕ್ಕಿಂತ ಒಂದು ಕಾಗದ ಚೆನ್ನಾಗಿ ಕೆಲಸ ಮಾಡುತ್ತದೆ. ಡಕ್ಟಿಗೆ ಹಿಂಭಾಗದಲ್ಲಿ, ಗಾಜಿಲ್ಲದ ಕಡೆ ಬೇರೆ ದಾರಿ ಕೇಳಿ.

ಪ್ರಶ್ನೆ: ಪುಣೆಯಲ್ಲಿ ಬಟ್ಟೆ ಶೋರೂಂ. ಎರಡು ಮಹಡಿ, ಪಶ್ಚಿಮಕ್ಕೆ ಮುಖ. ಗಾಜಿನ ಮುಂಭಾಗ 10 ಮೀಟರ್ ಅಗಲ, 6 ಮೀಟರ್ ಎತ್ತರ ಮಾಡಿಸಬೇಕು ಅಂತಿದೆ. ಡಬಲ್ ಗ್ಲಾಸ್ ಹಾಕಿದರೆ ಸೆಖೆ ಬರುವುದಿಲ್ಲ, ಎಸಿ ಬಿಲ್ ಕಡಿಮೆಯಾಗುತ್ತದೆ ಅನ್ನುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಎರಡು ಸಾದಾ ಗಾಜು, ನಡುವೆ ಗಾಳಿ, ಇದು ಹೊರಗಿನ ಗಾಳಿಯ ಬಿಸಿಯನ್ನು ತಡೆಯುತ್ತದೆ. ಬಿಸಿಲನ್ನು ತಡೆಯುವುದಿಲ್ಲ. ಪಶ್ಚಿಮದ ಬಿಸಿಲು ಎರಡನ್ನೂ ದಾಟಿ ನೇರ ನಿಮ್ಮ ಸೀರೆ ಮೇಲೆ ಬೀಳುತ್ತದೆ. ಬಣ್ಣವೂ ಹೋಗುತ್ತದೆ, ಅದು ಬೇರೆ ನಷ್ಟ.

ನೀವು ಕೇಳಬೇಕಾದ ಅಂಕಿ ಎಸ್‌ಎಚ್‌ಜಿಸಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವ ಲೆಕ್ಕ ಅದು. 6 ಮಿಲಿಮೀಟರ್ ಸಾದಾ ಗಾಜಿಗೆ ಇದು 0.8ರ ಆಸುಪಾಸು. ಕೇಂದ್ರದ 2017ರ ಇಂಧನ ಉಳಿತಾಯ ಕಟ್ಟಡ ಸಂಹಿತೆ ನಮ್ಮಂಥ ಸೆಖೆಯ ಊರುಗಳಿಗೆ, ಉತ್ತರದ ಮುಖ ಬಿಟ್ಟು ಉಳಿದವಕ್ಕೆ 0.27 ಮೀರಬಾರದು ಅನ್ನುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮ್ಮದು 60 ಚದರ ಮೀಟರ್. ಬೇಸಿಗೆಯ ಸಂಜೆ ನಾಲ್ಕಕ್ಕೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಅಂತ ಇಟ್ಟುಕೊಳ್ಳಿ. ಸಾದಾ ಗಾಜಿನಲ್ಲಿ 28, 29 ಕಿಲೋವ್ಯಾಟ್ ಒಳಗೆ ಬರುತ್ತದೆ. ಬರೀ ಅದನ್ನು ಹೊರಹಾಕಲು ಎಂಟು ಟನ್ ಎಸಿ ಬೇಕು. 0.27ರ ಗಾಜಿನಲ್ಲಿ ಮೂರು ಟನ್ನಿಗಿಂತ ಸ್ವಲ್ಪ ಕಡಿಮೆ ಸಾಕು. ಈ ಐದು ಟನ್ನಿನ ಎಸಿ ದರ ಮತ್ತು ಅದರ ಕರೆಂಟ್ ಬಿಲ್ ಹಿಡಿದು ನೋಡಿದರೆ ಒಳ್ಳೇ ಗಾಜು ದುಬಾರಿ ಅನ್ನಿಸುವುದಿಲ್ಲ.

ಡಬಲ್ ಗ್ಲಾಸಿನಲ್ಲಿ ಬಿಸಿಲು ತಡೆಯುವ ಕೋಟಿಂಗ್ ಇರುವ ಗಾಜು ಹೊರಗಡೆ ಬರಬೇಕು, ಕೋಟಿಂಗಿನ ಬದಿ ಎರಡು ಗಾಜಿನ ನಡುವಿನ ಗಾಳಿಯ ಕಡೆಗಿರಬೇಕು. ಬದಲಾಯಿಸಿ ಹಾಕಿಬಿಟ್ಟರೆ ಕೊಟ್ಟ ದುಡ್ಡಿಗೆ ಪೂರ್ತಿ ಫಲ ಸಿಗುವುದಿಲ್ಲ. ಹಾಕಿದ ಮೇಲೆ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಈಗಿರುವ ಸಾದಾ ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸೋಣ ಅಂತ ಹೇಳುವವರಿಗೆ ಕಿವಿಗೊಡಬೇಡಿ. ಟಫನ್ ಮಾಡದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡದ ಗಾಜು ಬಿಸಿ ಹೀರಿ, ಅಂಚು ತಣ್ಣಗೆ ನಡು ಬಿಸಿಯಾಗಿ, ಬಿರುಕು ಬಿಡುವುದುಂಟು.

ಅದೇ ಸಂಹಿತೆ ಗೋಡೆಯ ಶೇಕಡಾ 40ಕ್ಕಿಂತ ಜಾಸ್ತಿ ಗಾಜು ಬೇಡ ಅಂತಲೂ ಹೇಳುತ್ತದೆ. ಚಿಕ್ಕ ಅಂಗಡಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಮಾತು ಮಾತ್ರ ಸರಿ. ನನ್ನನ್ನು ಕೇಳಿದರೆ ಕೆಳಗೆ ಡಿಸ್‌ಪ್ಲೇಗೆ ಗಾಜು ಇರಲಿ, ಅದರ ಮೇಲೆ ಆಳವಾದ ಒಂದು ಕ್ಯಾನೊಪಿ, ಮೇಲಿನ ಮಹಡಿಗೆ ಗೋಡೆ, ನಡುವೆ ಎರಡೋ ಮೂರೋ ದೊಡ್ಡ ಕಿಟಕಿ. ಮೇಲಿನ ಮಹಡಿಯಲ್ಲಿ ನೀವು ಹೇಗೂ ರ‍್ಯಾಕು ನಿಲ್ಲಿಸಿ ಗಾಜಿಗೆ ಬೆನ್ನು ಮಾಡುತ್ತೀರಿ. ಅಲ್ಲಿ ಗಾಜು ಯಾಕೆ?

ಪ್ರಶ್ನೆ: ಡೊಂಬಿವಲಿ. ನಮ್ಮ ಆಫೀಸಿನ ಮುಂಭಾಗಕ್ಕೆ ಟಫನ್ಡ್ ಗಾಜು ಹಾಕಿಸಿ ಒಂದು ವರ್ಷ. ಮೊನ್ನೆ ರಾತ್ರಿ, ಯಾರೂ ಇಲ್ಲದಾಗ, ಎರಡನೇ ಮಹಡಿಯ ಒಂದು ಗಾಜು ತಾನಾಗಿಯೇ ಪುಡಿಪುಡಿ. ಕಂಟ್ರಾಕ್ಟರ್ "ಯಾರೋ ಕಲ್ಲು ಹೊಡೆದಿದ್ದಾರೆ" ಅನ್ನುತ್ತಾನೆ. ವಾಚ್‌ಮನ್ ಯಾರೂ ಬಂದಿಲ್ಲ ಅನ್ನುತ್ತಾನೆ. ಯಾರನ್ನು ನಂಬಲಿ?

ಉತ್ತರ: ವಾಚ್‌ಮನ್ ಸುಳ್ಳು ಹೇಳಬೇಕಾಗಿಲ್ಲ. ಟಫನ್ಡ್ ಗಾಜು ತಾನಾಗಿಯೇ ಒಡೆಯುತ್ತದೆ, ಅಪರೂಪಕ್ಕೆ.

ಗಾಜು ತಯಾರಾಗುವಾಗ ನಿಕಲ್ ಸಲ್ಫೈಡಿನ ಸಣ್ಣ ಕಣ ಒಳಗೆ ಉಳಿದಿರಬಹುದು. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕಾಲು ಭಾಗವೂ ಇರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ. ಟಫನ್ ಮಾಡುವಾಗ ಗಾಜನ್ನು 600 ಡಿಗ್ರಿ ಮೇಲೆ ಕಾಯಿಸಿ ತಟ್ಟನೆ ತಣಿಸುತ್ತಾರೆ. ಆ ಅವಸರದಲ್ಲಿ ಈ ಕಣ ಬಿಸಿಯ ಕಾಲದ ರೂಪದಲ್ಲೇ ಸಿಕ್ಕಿಬೀಳುತ್ತದೆ. ಮುಂದೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತನ್ನ ಸಹಜ ರೂಪಕ್ಕೆ ತಿರುಗುವಾಗ ಸ್ವಲ್ಪ ಹಿಗ್ಗುತ್ತದೆ. ಕಣ ಗಾಜಿನ ನಡುವಿನ ಪದರದಲ್ಲಿದ್ದರೆ ಅಷ್ಟೇ ಸಾಕು, ಇಡೀ ಹಾಳೆ ಒಂದೇ ಸಲಕ್ಕೆ ಪುಡಿ.

ಚೂರುಗಳೆಲ್ಲ ಬಿದ್ದುಹೋಗಿಲ್ಲ ಅಂದರೆ ಫೋಟೋ ತೆಗೆದಿಡಿ. ಒಡೆತ ಶುರುವಾದ ಜಾಗದಲ್ಲಿ, ಉಳಿದ ಚೂರುಗಳಿಗಿಂತ ದೊಡ್ಡದಾದ ಎರಡು ಚೂರು ಜೋಡಿಯಾಗಿ ಅಕ್ಕಪಕ್ಕ ಕಂಡರೆ ಅದಕ್ಕೆ ನಮ್ಮ ಕಸುಬಿನವರು ಬಟರ್‌ಫ್ಲೈ ಅನ್ನುತ್ತಾರೆ. ಎರಡರ ನಡುವಿನ ಗೆರೆಯಲ್ಲಿ ಕಪ್ಪು ಚುಕ್ಕೆ ಸಿಕ್ಕರೆ ಅನುಮಾನ ಗಟ್ಟಿ. ಅಂಚಿನಿಂದ ಒಡೆತ ಶುರುವಾಗಿದ್ದರೆ ಕಾರಣ ಬೇರೆ: ಅಂಚು ಉಜ್ಜಿದ್ದು ಸರಿಯಿಲ್ಲ, ಅಥವಾ ಗಾಜು ಅಲ್ಯೂಮಿನಿಯಮ್ಮಿಗೆ ನೇರ ತಾಗುತ್ತಿದೆ. ಅದೂ ಕಂಟ್ರಾಕ್ಟರಿನ ಹೊಣೆಯೇ. ಮೇಲ್ಮೈಯಲ್ಲಿ ಪೆಟ್ಟಿನ ಗುರುತಿದ್ದರೆ ಮಾತ್ರ ಅವನ ಕಲ್ಲಿನ ಕಥೆ ಕೇಳಿ.

ಇನ್ನು ಮುಂದಕ್ಕೆ ಬದಲಿ ಗಾಜು ಹಾಕಿಸುವಾಗ ಹೀಟ್ ಸೋಕ್ ಟೆಸ್ಟ್ ಆದ ಗಾಜನ್ನೇ ಕೇಳಿ. ಕಾರ್ಖಾನೆಯಲ್ಲೇ ಗಾಜನ್ನು 250, 300 ಡಿಗ್ರಿ ನಡುವೆ ಗಂಟೆಗಟ್ಟಲೆ ಇಡುತ್ತಾರೆ, ಒಡೆಯುವಂಥದ್ದು ಬಹುಪಾಲು ಅಲ್ಲೇ ಒಡೆದುಹೋಗುತ್ತದೆ. ಕೆಳಗೆ ಜನ ಓಡಾಡುವ ಕಡೆ ಅದೂ ಸಾಲದು, ಲ್ಯಾಮಿನೇಟೆಡ್ ಹಾಕಿ. ಒಡೆದರೂ ನಡುವಿನ ಪ್ಲಾಸ್ಟಿಕ್ ಪದರ ಚೂರುಗಳನ್ನು ಹಿಡಿದುಕೊಂಡಿರುತ್ತದೆ. ನಿಮ್ಮ ಗಾಜು ರಾತ್ರಿ ಒಡೆಯಿತು, ಬಚಾವ್. ಬೆಳಿಗ್ಗೆ ಲೋಕಲ್ ಹಿಡಿಯುವ ಹೊತ್ತಿಗೆ ಒಡೆದಿದ್ದರೆ?

ಪ್ರಶ್ನೆ: ಫೋರ್ಟ್, ಕಾಲಾ ಘೋಡಾ ಹತ್ತಿರ ಪಗಡಿ (ಮುಂಗಡ ಕೊಟ್ಟು ಹಿಡಿದ ಹಳೇ ಬಾಡಿಗೆ) ಅಂಗಡಿ. ಹಳೇ ಕಲ್ಲಿನ ಕಟ್ಟಡ. ನಮ್ಮ ಅಂಗಡಿಯ ಮುಂಭಾಗಕ್ಕಷ್ಟೇ ಗಾಜು ಹಾಕಬಹುದಾ?

ಉತ್ತರ: ಹೆರಿಟೇಜ್ ಪ್ರದೇಶ ಅದು. 1995ರಿಂದ ಅಲ್ಲಿ ಹೆರಿಟೇಜ್ ನಿಯಮ ಜಾರಿಯಲ್ಲಿದೆ. ಕಟ್ಟಡದ ಹೊರರೂಪ ಬದಲಿಸಬೇಕಾದರೆ ಪಾಲಿಕೆಯ ಮೂಲಕ ಹೆರಿಟೇಜ್ ಸಮಿತಿಯ ಒಪ್ಪಿಗೆ ಬೇಕು. ಕಮಾನಿನ ಒಳಗೆ, ಕಲ್ಲಿಗೆ ಮೊಳೆ ಹೊಡೆಯದೆ, ಹಿಂದಕ್ಕೆ ಸರಿಸಿ ಒಂದು ಸಾದಾ ಗಾಜಿನ ಬಾಗಿಲು ಕೂರಿಸುವುದಾದರೆ ಕೇಳಿ ನೋಡಿ. ಕಲ್ಲು ಮುಚ್ಚಿ ಗಾಜು ಹೊದಿಸುವುದು ಅಂದರೆ ಕೇಳುವುದೂ ಬೇಡ. ನಿಜ ಹೇಳಬೇಕು ಅಂದರೆ, ಆ ರಸ್ತೆಯಲ್ಲಿ ಅಷ್ಟು ಬಾಡಿಗೆ ಬರುತ್ತಿರುವುದೇ ಆ ಕಲ್ಲಿನಿಂದ.

ಪ್ರಶ್ನೆ: ವಾಶಿ. ಗಾಜು ದುಬಾರಿ ಅಂತ ಮುಂಭಾಗಕ್ಕೆಲ್ಲ ಎಸಿಪಿ ಶೀಟ್ ಹಾಕಿಸಿ ಅಂತ ಸಲಹೆ ಬಂದಿದೆ. ಹೇಗೆ?

ಉತ್ತರ: ಹಾಕಿಸಬಹುದು. ಒಳಗಿನ ಕೋರ್ ಏನು ಅಂತ ಕೇಳದೆ ಮಾತ್ರ ಹಾಕಿಸಬೇಡಿ. ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಒಂದು ಪದರ. ಅಗ್ಗದ ಶೀಟಿನಲ್ಲಿ ಆ ಪದರ ಬರೀ ಪಾಲಿಥೀನ್. ಹತ್ತಿಕೊಂಡರೆ ಎಣ್ಣೆಯಂತೆ ಉರಿದು ಕೆಳಗೆ ಸುರಿಯುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು 72 ಜನ ಸತ್ತರು. ಅಲ್ಲಿ ಬೆಂಕಿ ಒಂದು ಫ್ಲ್ಯಾಟಿನ ಅಡಿಗೆಮನೆಯಲ್ಲಿ ಶುರುವಾಗಿ ಹೊರಗಿನ ಹೊದಿಕೆಗೆ ಹತ್ತಿತು. ಆ ಹೊದಿಕೆ ಇಂಥದೇ ಪಾಲಿಥೀನ್ ಶೀಟು. ಅದನ್ನೂ ಹಳೇ ಕಟ್ಟಡ ಚೆಂದ ಮಾಡಲಿಕ್ಕೆ, ಚಳಿ ತಡೆಯಲಿಕ್ಕೆ ಅಂತ ರಿಪೇರಿ ಕೆಲಸದಲ್ಲೇ ಹಾಕಿದ್ದು. ಬೆಂಕಿ ತಡೆಯುವ ಕೋರ್ ಇರುವ ಶೀಟು ಸಿಗುತ್ತದೆ, ಟೆಸ್ಟ್ ಸರ್ಟಿಫಿಕೇಟ್ ಜೊತೆಗೆ ಕೇಳಿ. ಬಂದ ಶೀಟಿನ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಗೋವಾದ ವಾಸ್ಕೋ. ಸಮುದ್ರ ಹತ್ತಿರ. ಪಕ್ಕದವರ ಗಾಜಿನ ಮುಂಭಾಗ ಕೆಲವೇ ವರ್ಷದಲ್ಲಿ ತುಕ್ಕಿನ ಗೆರೆ ಇಳಿದು ಅಸಹ್ಯವಾಗಿದೆ. ಅಲ್ಯೂಮಿನಿಯಮ್ಮಿಗೂ ತುಕ್ಕು ಬರುತ್ತದಾ?

ಉತ್ತರ: ನೀವು ನೋಡಿದ ಕೆಂಪು ಗೆರೆ ಅಲ್ಯೂಮಿನಿಯಮ್ಮಿನದಲ್ಲ, ಅದರ ಹಿಂದಿನ ಕಬ್ಬಿಣದ ಬ್ರಾಕೆಟ್ ಮತ್ತು ಸ್ಕ್ರೂಗಳದ್ದು. ಉಪ್ಪಿನ ತೇವ ಇರುವ ಕಡೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ನೇರ ತಾಗಿದರೆ ಅಲ್ಯೂಮಿನಿಯಮ್ಮೂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಬ್ರಾಕೆಟ್ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆಗಿರಲಿ, ಎರಡು ಲೋಹಗಳ ನಡುವೆ ನೈಲಾನ್ ಅಥವಾ ಇಪಿಡಿಎಂ ರಬ್ಬರಿನ ಪ್ಯಾಡ್ ಇರಲಿ. ಸ್ಕ್ರೂ, ಬೋಲ್ಟು 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಬೇಕು, 304 ಸಮುದ್ರದ ಬದಿಗೆ ಸಾಲದು. ಅಲ್ಯೂಮಿನಿಯಮ್ಮಿಗೆ ಅನೊಡೈಸಿಂಗ್ (ಮೇಲ್ಮೈಯ ರಕ್ಷಣಾ ಪದರ) ಆದರೆ 25 ಮೈಕ್ರಾನ್ ಕೇಳಿ. ಮತ್ತೆ ಮಳೆ ಬಾರದ ತಿಂಗಳುಗಳಲ್ಲಿ ಆಗಾಗ ಸಿಹಿನೀರಿನಲ್ಲಿ ತೊಳೆಸಿ. ಮಳೆಗಾಲದಲ್ಲಿ ಉಪ್ಪು ತಾನಾಗಿ ತೊಳೆದುಹೋಗುತ್ತದೆ, ಬೇಸಿಗೆಯಲ್ಲಿ ಕೂತುಕೊಳ್ಳುತ್ತದೆ.

ಪ್ರಶ್ನೆ: ಗೋರೆಗಾಂವ್. ಆಡಿಟ್ ಆಯಿತು, ರಿಪೇರಿಯೂ ಮುಗಿಯಿತು. ಹಳೇ ಗೋಡೆ ಭಾಗಶಃ ತೆಗೆದು ಗಾಜು ಹಾಕಲು ಆರ್ಕಿಟೆಕ್ಟ್ ನಕ್ಷೆ ಮಾಡಿದ್ದಾರೆ. ಮೂರು ಕೋಟೇಶನ್ ಬಂದಿವೆ, ಒಂದಕ್ಕೂ ಇನ್ನೊಂದಕ್ಕೂ ದುಪ್ಪಟ್ಟು ವ್ಯತ್ಯಾಸ. ಮೂರರಲ್ಲೂ "ಸ್ಟ್ರಕ್ಚರಲ್ ಗ್ಲೇಜಿಂಗ್, ಚದರ ಅಡಿಗೆ ಇಷ್ಟು" ಅಂತ ಒಂದೇ ಸಾಲು. ಹೇಗೆ ಹೋಲಿಸುವುದು?

ಉತ್ತರ: ಸರಿಯಾದ ಕ್ರಮದಲ್ಲಿ ಬಂದಿದ್ದೀರಿ, ಖುಷಿಯಾಯಿತು. ಸ್ಟ್ರಕ್ಚರಲ್ ಗ್ಲೇಜಿಂಗ್ ಅಂದರೆ ಗಾಜನ್ನು ಸಿಲಿಕೋನ್ ಅಂಟಿನಿಂದ ಫ್ರೇಮಿಗೆ ಕೂರಿಸುವುದು. ಆ ಒಂದು ಸಾಲಿನ ಕೋಟೇಶನ್‌ಗಳನ್ನು ಮೂವರಿಗೂ ವಾಪಸ್ ಕಳಿಸಿ.

ಗಾಜಿನ ದಪ್ಪ, ಕೋಟಿಂಗ್, ಎಸ್‌ಎಚ್‌ಜಿಸಿ ಬರೆದಿರಬೇಕು. ಅಲ್ಯೂಮಿನಿಯಂ ಚದರ ಮೀಟರಿಗೆ ಎಷ್ಟು ಕಿಲೋ ಅಂತ ಇರಬೇಕು, ಕಳ್ಳತನ ಜಾಸ್ತಿ ಆಗುವುದು ಇಲ್ಲೇ. ಬ್ರಾಕೆಟ್, ಆಂಕರ್ ಬೋಲ್ಟು, ಮಹಡಿ ಸಂದಿಯ ಬೆಂಕಿ ತಡೆ, ತೆರೆಯುವ ಪ್ಯಾನೆಲ್, ಸ್ಕ್ಯಾಫೋಲ್ಡಿಂಗ್, ಹಳೇ ಗೋಡೆ ಒಡೆದ ಇಟ್ಟಿಗೆ ಚೂರಿನ (ರಾಬಿಟ್) ಸಾಗಣೆ ಇವೆಲ್ಲ ದರದ ಒಳಗಾ ಹೊರಗಾ? ಅಗ್ಗದ ಕೋಟೇಶನ್‌ನಲ್ಲಿ ಸಾಮಾನ್ಯವಾಗಿ ಇವೆಲ್ಲ ಹೊರಗೆ ಇರುತ್ತವೆ, ಅರ್ಧ ಕೆಲಸ ಆದ ಮೇಲೆ ಎಕ್ಸ್‌ಟ್ರಾ ಬಿಲ್ ಆಗಿ ಒಳಗೆ ಬರುತ್ತವೆ.

ಸಿಲಿಕೋನ್ ಎರಡು ತರಹ. ನೀರು ತಡೆಯುವುದು ಒಂದು, ಗಾಜನ್ನು ಫ್ರೇಮಿಗೆ ಹಿಡಿದು ನಿಲ್ಲಿಸುವುದು ಇನ್ನೊಂದು. ಎರಡನೆಯದನ್ನು ಧೂಳಿಲ್ಲದ ಕಾರ್ಖಾನೆಯಲ್ಲಿ ಹಚ್ಚಿ, ಒಣಗಿಸಿ, ಟೆಸ್ಟ್ ಮಾಡಿ ತರಬೇಕು. ಸೈಟಿನಲ್ಲಿ, ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು ಗನ್ನಿನಿಂದ ಹಚ್ಚುತ್ತೇವೆ ಅನ್ನುವವರು ಇದ್ದರೆ ಅವರ ಕೋಟೇಶನ್ ಬದಿಗಿಡಿ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಕಾಂಕ್ರೀಟಿನ ಎರಡರಷ್ಟು. ನಾಲ್ಕು ಮೀಟರಿನ ಕಂಬಿ 40 ಡಿಗ್ರಿ ವ್ಯತ್ಯಾಸಕ್ಕೆ ನಾಲ್ಕು ಮಿಲಿಮೀಟರ್ ಹತ್ತಿರ ಬೆಳೆಯುತ್ತದೆ. ಕಂಬಿಗಳ ಜೋಡಣೆಯಲ್ಲಿ ಅಷ್ಟು ಜಾಗ ಎಲ್ಲಿ ಬಿಟ್ಟಿದ್ದೀರಿ ಅಂತ ಮೂವರನ್ನೂ ಕೇಳಿ. ಉತ್ತರ ಕೊಡುವ ಮುಖ ನೋಡಿದರೆ ಯಾರಿಗೆ ಕೆಲಸ ಗೊತ್ತು ಅಂತ ತಿಳಿಯುತ್ತದೆ.

ತೊಳೆಯುವುದು ಹೇಗೆ ಅಂತಲೂ ಈಗಲೇ ಕೇಳಿ. ಹಗ್ಗ ಕಟ್ಟಲು ಟೆರೇಸಿನಲ್ಲಿ ಗಟ್ಟಿ ಆಂಕರ್ ಬೇಕು. ಹಳೇ ಪ್ಯಾರಪೆಟ್ಟಿಗೆ ಹಗ್ಗ ಬಿಗಿದು ಮನುಷ್ಯನನ್ನು ಇಳಿಸಬಾರದು.

ಕೆಲಸ ಅಕ್ಟೋಬರಿನಲ್ಲಿ, ಮಳೆ ಪೂರ್ತಿ ನಿಂತ ಮೇಲೆ ಶುರು ಮಾಡಿ. ಒದ್ದೆ ಕಾಂಕ್ರೀಟಿಗೆ ಸೀಲೆಂಟ್ ಹಿಡಿಯುವುದಿಲ್ಲ. ಮೊದಲು ಒಂದು ಮಹಡಿಯ ಎತ್ತರ, ಎರಡು ಗಾಜಿನ ಅಗಲ ಮಾತ್ರ ಕೂರಿಸಲು ಹೇಳಿ, ಪೈಪಿನಿಂದ ನೀರು ಹೊಡೆಸಿ. ಕೆಳಗಿನ ಜಾಯಿಂಟಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಮೇಲಿನಿಂದ ಹೊಡೆದರೆ ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ನಿಂತಿರಲಿ. ಅದು ಪಾಸಾದ ಮೇಲೆ ಉಳಿದ ಗಾಜಿಗೆ ಆರ್ಡರ್ ಕೊಡಿ. ಟಫನ್ ಆದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಹಳೇ ಕಟ್ಟಡದ ಯಾವ ಮೂಲೆಯೂ ನೆಟ್ಟಗಿರುವುದಿಲ್ಲವಾದ್ದರಿಂದ ಅಳತೆಯನ್ನು ಪ್ರತಿ ಮಹಡಿಯಲ್ಲೂ ಬೇರೆ ಬೇರೆ ತೆಗೆಸಿ. ಹೊಸ ಕೋಟೇಶನ್ ಬಂದಾಗ ಮೂರನ್ನೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕದೆ ನೋಡೋಣ.